ದೇಹಲೀದೀಪ: ಸೂಕ್ಷ್ಮಜೀವಿಗಳ ಹೊರಮೈಯಲ್ಲಿ ಕಿಣ್ವಸ್ಥಾಪನೆ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಪಾಠಶಾಲೆಯಲ್ಲಿ ಲೌಕಿಕನ್ಯಾಯಗಳನ್ನು ಓದಿದವರಿಗೆ ದೇಹಲೀದೀಪನ್ಯಾಯವು ಪರಿಚಿತವಾದುದೇ ಆಗಿದೆ. ದೇಹಲಿ ಎಂದರೆ ಹೊಸ್ತಿಲು. ಹೊಸ್ತಿಲ ಮೇಲಿಟ್ಟ ದೀಪವು ಒಳಮನೆಯನ್ನೂ ಬೆಳಗುತ್ತದೆ, ಹೊರಗಿನ ಅಂಗಳವನ್ನೂ ಬೆಳಗುತ್ತದೆ. ಅದೇ ದೀಪವನ್ನು ಒಳಕೋಣೆಯಲ್ಲಿಟ್ಟು ಕದವಿಕ್ಕಿದರೆ, ಎಣ್ಣೆ ಬತ್ತಿಗಳಲ್ಲಿ ಲೇಶವಾದರೂ ಕೊರತೆಯಿಲ್ಲದಿದ್ದರೂ, ಬೀದಿಯಲ್ಲಿ ನಡೆಯುವವನು ಕಲ್ಲನ್ನು ಎಡವುವುದು ತಪ್ಪುವುದಿಲ್ಲ. ಬಯಲಿಗೆ ಒಯ್ದು ಇಟ್ಟರೋ ಎಣ್ಣೆ ಹೊಯ್ಯುವವರಿಲ್ಲದೆ ಗಾಳಿಗೆ ನಂದಿಹೋಗುತ್ತದೆ. ಆದುದರಿಂದ ದೀಪದ ಗುಣವೆಷ್ಟು ಮುಖ್ಯವೋ ದೀಪದ ಸ್ಥಾನವೂ ಅಷ್ಟೇ ಮುಖ್ಯವೆಂದು ತಿಳಿಯತಕ್ಕದ್ದು. ಇದೇ ನ್ಯಾಯವನ್ನು ಇಂದಿನ ಜೀವಶಾಸ್ತ್ರಜ್ಞರು ಕಣ್ಣಿಗೆ ಕಾಣದಷ್ಟು ಸಣ್ಣದಾದ ಒಂದು ಜೀವಿಯ ವಿಷಯದಲ್ಲಿ ಹೇಗೆ ಸಾಧಿಸಿದ್ದಾರೆಂಬುದೂ, ಅದರಿಂದ ಹೊಲದಲ್ಲಿ ದುಡಿಯುವವನಿಗೆ ಯಾವ ಹಿತವು ಸಂಭವಿಸಬಹುದೆಂಬುದೂ ಈ ಉಪನ್ಯಾಸದ ವಿಷಯವಾಗಿದೆ.

ಮೊದಲು ಕಿಣ್ವವೆಂದರೇನೆಂಬುದನ್ನು ನೋಡೋಣ. ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರಾಗುತ್ತದೆ. ರುಬ್ಬಿದ ದೋಸೆಹಿಟ್ಟು ಹುಳಿಯೇರಿ ಉಬ್ಬುತ್ತದೆ. ಈ ಕೆಲಸವನ್ನು ಮಾಡತಕ್ಕವು ಸೂಕ್ಷ್ಮಜೀವಿಗಳು. ಆ ಜೀವಿಗಳ ಕೈಯೊಳಗಿನ ಆಯುಧಗಳೇ ಕಿಣ್ವಗಳು. ಕಿಣ್ವವು ಒಂದು ಬಗೆಯ ಪ್ರೋಟೀನು. ಅದು ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ಬಹು ವೇಗವಾಗಿ ನಡೆಯಿಸುತ್ತದೆ. ಒಂದು ಕೆಲಸ ಮುಗಿದೊಡನೆ ಅದೇ ಕೆಲಸಕ್ಕೆ ಮತ್ತೆ ಸಿದ್ಧವಾಗುತ್ತದೆ. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಕ್ಯೂನೆ ಎಂಬ ಪಂಡಿತನು ಇದಕ್ಕೆ ಎನ್‌ಜೈಮ್ ಎಂಬ ಹೆಸರನ್ನಿಟ್ಟನು. ಗ್ರೀಕ್ ಭಾಷೆಯಲ್ಲಿ ಈ ಶಬ್ದಕ್ಕೆ ಹುದುಗಿನ ಒಳಗಿರುವುದು ಎಂದು ಅರ್ಥ. ೧೮೯೭ರಲ್ಲಿ ಎಡ್ವರ್ಡ್ ಬುಕ್ನರ್ ಎಂಬಾತನು ಹುದುಗಿನ ಕೋಶಗಳನ್ನು ಅರೆದು ಹಿಂಡಿ ತೆಗೆದ ರಸವೊಂದೇ, ಜೀವಂತ ಕೋಶದ ಸಹಾಯವಿಲ್ಲದೆ, ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುವುದೆಂದು ತೋರಿಸಿದನು. ೧೯೨೬ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಕಿಣ್ವವೊಂದನ್ನು ಹರಳುಗಟ್ಟಿಸಿ ಅದು ಪ್ರೋಟೀನೆಂದು ಸ್ಥಾಪಿಸಿದನು. ಹೀಗೆ ಹೆಸರಿನಲ್ಲಿಯೇ ಒಳಗಿರುವುದೆಂದು ಕರೆಯಿಸಿಕೊಂಡ ವಸ್ತುವನ್ನು ಕೋಶದ ಹೊರಮೈಗೆ ತಂದು ನಿಲ್ಲಿಸಿದುದೇ ಮುಂದಿನ ಕಥೆ.

ಇನ್ನು ವಿಷದ ವಿಚಾರ. ೧೯೩೦ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞನಾದ ಗೆರ್ಹಾರ್ಡ್ ಶ್ರಾಡರ್ ಬೆಳೆಗೆ ಬೀಳುವ ಕೀಟಗಳನ್ನು ಕೊಲ್ಲಲು ರಂಜಕವುಳ್ಳ ಹೊಸ ದ್ರವ್ಯಗಳನ್ನು ಹುಡುಕುತ್ತಿದ್ದನು. ೧೯೩೬ರಲ್ಲಿ ಅವನಿಗೆ ದೊರೆತ ಟಾಬೂನ್ ಎಂಬುದು ಕೀಟಕ್ಕಿಂತ ಹೆಚ್ಚಾಗಿ ಮನುಷ್ಯನಿಗೇ ಮಾರಕವಾಗಿ ಯುದ್ಧವಿಷವೆನಿಸಿತು. ಅದೇ ಕುಲಕ್ಕೆ ಸೇರಿದ ಪ್ಯಾರಾಥಿಯಾನ್ ಮೊದಲಾದುವು ಎರಡನೆಯ ಮಹಾಯುದ್ಧದ ಬಳಿಕ ಕೀಟನಾಶಕಗಳಾಗಿ ಲೋಕದ ಹೊಲಗದ್ದೆಗಳನ್ನೆಲ್ಲ ಹೊಕ್ಕುವು. ಇವುಗಳು ಕೊಲ್ಲುವ ಕ್ರಮವು ವಿಚಾರಾರ್ಹವಾದುದು. ನರದ ತುದಿಯಿಂದ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವು ಸ್ರವಿಸಿ ಸ್ನಾಯುವಿಗೆ ಅಪ್ಪಣೆಯನ್ನು ಮುಟ್ಟಿಸುತ್ತದೆ. ಅಪ್ಪಣೆ ಮುಟ್ಟಿದೊಡನೆಯೇ ಒಂದು ಕಿಣ್ವವು ಆ ದ್ರವ್ಯವನ್ನು ಅಳಿಸಿಹಾಕುತ್ತದೆ. ರಂಜಕವಿಷವು ಈ ಕಿಣ್ವವನ್ನೇ ಹಿಡಿದು ಕಟ್ಟಿಹಾಕುತ್ತದೆ. ಆಗ ಅಪ್ಪಣೆ ಅಳಿಯದೆ ಉಳಿದು, ಬೆವರೂ ಜೊಲ್ಲೂ ಸುರಿದು, ಕಣ್ಣಿನ ಪಾಪೆ ಕುಗ್ಗಿ, ಸ್ನಾಯುಗಳು ಅದುರಿ, ಕಡೆಗೆ ಉಸಿರು ನಿಲ್ಲುತ್ತದೆ.

ಇದು ದೂರದೇಶದ ಮಾತೆಂದು ಯಾರೂ ಭಾವಿಸಲಾಗದು. ೧೯೫೮ರಲ್ಲಿ ನೆರೆಯ ಕೇರಳ ರಾಜ್ಯದಲ್ಲಿ, ಗೋಧಿಯೂ ಪ್ಯಾರಾಥಿಯಾನೂ ಒಂದೇ ಹಡಗಿನಲ್ಲಿ ಬಂದ ಕಾರಣದಿಂದ ಆಹಾರಕ್ಕೆ ವಿಷ ಸೋಂಕಿ, ಅದನ್ನು ತಿಂದ ನೂರಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಆ ದುರಂತದ ಫಲವಾಗಿ ನಡೆದ ವಿಚಾರಣೆಗಳ ತರುವಾಯ ೧೯೬೮ರಲ್ಲಿ ಭಾರತದಲ್ಲಿ ಕೀಟನಾಶಕಗಳ ಕಾಯಿದೆಯು ಜನ್ಮ ತಾಳಿತು. ೨೦೧೮ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಹೊರಟ ಸರ್ಕಾರದ ಆಜ್ಞೆಯಿಂದ ಮಿಥೈಲ್ ಪ್ಯಾರಾಥಿಯಾನ್, ಡಯಜಿನಾನ್ ಮೊದಲಾದುವು ನಿಷಿದ್ಧವಾದುವು. ಆದರೂ ಅದೇ ಕುಲದ ಬೇರೆ ಔಷಧಗಳು ಇಂದಿಗೂ ಬಳಕೆಯಲ್ಲಿವೆ. ಸಿಂಪಡಿಸುವ ಡಬ್ಬಿಯನ್ನು ತೊಳೆದ ನೀರು ಎಲ್ಲಿಯೋ ಒಂದು ಕಡೆ ಇಳಿಯಲೇ ಬೇಕಷ್ಟೆ. ಅದು ಬಾವಿಗೆ ಇಳಿದರೆ ಗತಿಯೇನು ಎಂಬುದೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಗೆ ಮೊದಲ ಉತ್ತರವು ಗದ್ದೆಯ ನೀರಿನಲ್ಲಿಯೇ ದೊರೆಯಿತು. ಫಿಲಿಪ್ಪೀನ್ಸ್ ದೇಶದ ಲಾಸ್ ಬಾನ್ಯೋಸ್ ಎಂಬಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯಲ್ಲಿ, ಭಾರತೀಯ ವಿಜ್ಞಾನಿಯಾದ ಎನ್. ಸೇತುನಾಥನ್ ಅವರೂ ಅವರೊಡನೆ ಯೋಶಿದ ಅವರೂ ಡಯಜಿನಾನ್ ಹಾಕಿದ ಭತ್ತದ ಗದ್ದೆಯ ನೀರನ್ನು ಪರೀಕ್ಷಿಸಿದರು. ಆ ವಿಷವನ್ನು ಒಡೆಯಬಲ್ಲ ಬ್ಯಾಕ್ಟೀರಿಯವೊಂದು ಅಲ್ಲಿ ಇದ್ದುದನ್ನು ೧೯೭೩ರಲ್ಲಿ ಪ್ರಕಟಿಸಿದರು. ಅದು ಪ್ಯಾರಾಥಿಯಾನನ್ನೂ ಒಡೆಯುತ್ತಿದ್ದಿತು. ಮನುಷ್ಯನು ವಿಷವನ್ನು ನಿರ್ಮಿಸಿ ಕೆಲವೇ ದಶಕಗಳು ಕಳೆದಿದ್ದುವು. ಅಷ್ಟರೊಳಗೆ ಕೆಸರಿನಲ್ಲಿದ್ದ ಜೀವಿಯೊಂದು ಅದನ್ನು ಜೀರ್ಣಿಸುವ ಬಗೆಯನ್ನು ಸಂಪಾದಿಸಿಕೊಂಡಿದ್ದಿತು. ಇದಕ್ಕೆ ಕಾರಣವಾದ ಕಿಣ್ವಕ್ಕೆ ಆರ್ಗನೊಫಾಸ್ಫರಸ್ ಹೈಡ್ರೊಲೇಸ್ ಎಂದು ಹೆಸರು. ಸುಲಭಕ್ಕಾಗಿ ಇಲ್ಲಿ ವಿಷಭೇದಕವೆಂದು ಕರೆಯಬಹುದು. ಅದರ ಗರ್ಭದಲ್ಲಿ ಸತುವಿನ ಎರಡು ಅಯಾನುಗಳು ಇರುತ್ತವೆ. ಅವುಗಳ ಬಲದಿಂದ ಕಿಣ್ವವು ನೀರಿನ ಅಣುವನ್ನು ಆಯುಧವಾಗಿ ಮಾಡಿಕೊಂಡು ರಂಜಕದ ಬಂಧವನ್ನು ಕಡಿಯುತ್ತದೆ. ಪ್ಯಾರಾಥಿಯಾನ್ ದೇಹವನ್ನು ಹೊಕ್ಕ ಮೇಲೆ ಪ್ಯಾರಾಕ್ಸಾನ್ ಎಂಬ ಉಗ್ರರೂಪವನ್ನು ತಾಳುತ್ತದಷ್ಟೆ. ಆ ಪ್ಯಾರಾಕ್ಸಾನಿನ ಸಾವಿರಾರು ಅಣುಗಳನ್ನು ಒಂದೊಂದು ವಿಷಭೇದಕವು ಒಂದು ಸೆಕೆಂಡಿನಲ್ಲಿ ತುಂಡರಿಸಬಲ್ಲದು. ಒಂದು ಕಿಣ್ವವನ್ನು ಕಟ್ಟಿಹಾಕಿ ಕೊಲ್ಲುವ ವಿಷಕ್ಕೆ ಇನ್ನೊಂದು ಕಿಣ್ವವೇ ಮೃತ್ಯುವಾಯಿತೆಂಬುದು ಗಮನಿಸತಕ್ಕ ಸಂಗತಿಯಾಗಿದೆ.

ಹಾಗಾದರೆ ಕಾರ್ಯವು ಮುಗಿಯಿತಲ್ಲವೆ ಎಂದರೆ, ಮುಗಿಯಲಿಲ್ಲ. ದೀಪವೇನೋ ದೊರೆಯಿತು, ಅದನ್ನಿಡುವ ಸ್ಥಾನವು ದೊರೆಯಬೇಕಾಗಿದ್ದಿತು. ಇಲ್ಲಿ ಮೂರು ಪಕ್ಷಗಳುಂಟು.

ಮೊದಲನೆಯ ಪಕ್ಷ: ಕಿಣ್ವವನ್ನು ಕೋಶದಿಂದ ಬೇರ್ಪಡಿಸಿ ಶುದ್ಧಮಾಡಿ ಉಪಯೋಗಿಸುವುದು. ಇದು ಬಯಲಿನ ದೀಪದಂತೆ. ಶುದ್ಧೀಕರಣಕ್ಕೆ ಬಹಳ ವೆಚ್ಚವಾಗುತ್ತದೆ. ಬೇರ್ಪಟ್ಟ ಕಿಣ್ವವು ಬೇಗನೆ ಶಕ್ತಿಗುಂದುತ್ತದೆ. ನೀರಿನಲ್ಲಿ ಬೆರೆತುಹೋದುದನ್ನು ಮರಳಿ ಹಿಡಿದು ಎರಡನೆಯ ಸಲಕ್ಕೆ ಬಳಸುವುದೂ ಕಷ್ಟ.

ಎರಡನೆಯ ಪಕ್ಷ: ಕಿಣ್ವವು ಒಳಗಿರುವಂತೆಯೇ ಇಡಿಯ ಕೋಶವನ್ನು ಉಪಯೋಗಿಸುವುದು. ಇದು ಕದವಿಕ್ಕಿದ ಕೋಣೆಯ ದೀಪದಂತೆ. ಪ್ರಯೋಗಶಾಲೆಗಳಲ್ಲಿ ಸರ್ವಸಾಮಾನ್ಯವಾಗಿ ಬಳಸುವ ಎಶೆರಿಕಿಯ ಕೋಲಿ ಎಂಬ ಬ್ಯಾಕ್ಟೀರಿಯಕ್ಕೆ ಎರಡು ಪೊರೆಗಳಿವೆ. ನಡುವೆ ಒಂದು ತೆಳುವಾದ ಬಲೆಗೋಡೆಯಿದೆ. ಹೊರಪೊರೆಯಲ್ಲಿರುವ ಸಣ್ಣ ರಂಧ್ರಗಳು ದೊಡ್ಡ ಅಣುಗಳನ್ನು ಒಳಗೆ ಬಿಡವು. ಪೊರೆಯ ಹೊರಮುಖವು ಜಿಡ್ಡಿನ ಗುಣವುಳ್ಳ ಅಣುಗಳನ್ನೂ ತಡೆಯುತ್ತದೆ. ಈ ಕೋಟೆಯು ಕೋಶದ ಪ್ರಾಣರಕ್ಷಣೆಗಾಗಿಯೇ ಇರುವುದು. ಆದರೆ ವಿಷವು ಹೊರಗೆ, ವಿಷಭೇದಕವು ಒಳಗೆ ಎಂದಾದಾಗ ಅದೇ ಕೋಟೆಯು ಕಾರ್ಯಕ್ಕೆ ವಿಘ್ನವಾಗುತ್ತದೆ.

ಮೂರನೆಯ ಪಕ್ಷ: ಕಿಣ್ವವನ್ನು ಕೋಶದ ಹೊಸ್ತಿಲಲ್ಲಿ, ಎಂದರೆ ಹೊರಪೊರೆಯಲ್ಲಿ, ಹೊರಮುಖವಾಗಿ ನೆಟ್ಟು ನಿಲ್ಲಿಸುವುದು. ಎಣ್ಣೆಯನ್ನು ಮನೆಯೇ ಹೊಯ್ಯುತ್ತದೆ. ಬೆಳಕು ಅಂಗಳಕ್ಕೆ ಬೀಳುತ್ತದೆ. ಕೋಶವು ಒಳಗೆ ಕಿಣ್ವವನ್ನು ತಾನೇ ನಿರ್ಮಿಸುತ್ತದೆ. ಕಿಣ್ವವು ಹೊರಗಿನ ವಿಷವನ್ನು ಹೊರಗೇ ಕಡಿಯುತ್ತದೆ. ಶುದ್ಧೀಕರಣದ ವೆಚ್ಚವಿಲ್ಲ. ಕೆಲಸ ಮುಗಿದ ಮೇಲೆ ಕೋಶಗಳನ್ನು ನೀರಿನಿಂದ ಬೇರ್ಪಡಿಸಿ ಮತ್ತೊಮ್ಮೆ ಬಳಸಬಹುದು. ಇದೇ ಸಿದ್ಧಾಂತಪಕ್ಷ.

ಈ ಸಿದ್ಧಾಂತವು ಒಂದೇ ದಿನದಲ್ಲಿ ಹುಟ್ಟಿದುದಲ್ಲ. ೧೯೮೫ರಲ್ಲಿ ಅಮೆರಿಕದ ಜಾರ್ಜ್ ಸ್ಮಿತ್ ಅವರು ಬ್ಯಾಕ್ಟೀರಿಯಗಳನ್ನು ಕಾಡುವ ಒಂದು ವೈರಾಣುವಿನ ಹೊರಮೈಯಲ್ಲಿ ಅನ್ಯಪ್ರೋಟೀನಿನ ತುಣುಕನ್ನು ತೋರಿಸಿದರು. ಆ ಮಾರ್ಗಕ್ಕಾಗಿ ೨೦೧೮ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ೧೯೮೬ರಲ್ಲಿ ಪ್ಯಾರಿಸ್ಸಿನ ಹೋಫ್ನುಂಗ್ ಅವರ ಬಳಗದವರು ಎಶೆರಿಕಿಯ ಕೋಲಿಯ ಹೊರಪೊರೆಯ ಪ್ರೋಟೀನೊಂದರಲ್ಲಿ ಪೋಲಿಯೊ ವೈರಾಣುವಿನ ತುಣುಕೊಂದನ್ನು ಸೇರಿಸಿ ಕೋಶದ ಮೇಲೆ ಕಾಣಿಸಿದರು. ಆದರೆ ತುಣುಕನ್ನು ತೋರಿಸುವುದು ಬೇರೆ, ಇಡಿಯ ಕಿಣ್ವವನ್ನು ಕೆಲಸ ಮಾಡುವ ಸ್ಥಿತಿಯಲ್ಲಿ ನಿಲ್ಲಿಸುವುದು ಬೇರೆ. ೧೯೯೨ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ಕೊ, ಅರ್ಹಾರ್ಟ್, ಜಾರ್ಜಿಯೊ ಎಂಬ ಮೂವರು ಇದನ್ನು ಸಾಧಿಸಿದರು.

ಅವರು ಅನುಸರಿಸಿದ ಉಪಾಯವು ಸಮಾಸದಂತಿದೆ; ಮೂರು ಪದಗಳು ಸೇರಿ ಒಂದೇ ಅರ್ಥವನ್ನು ಕೊಡುತ್ತವೆ. ಪೂರ್ವಪದವು ಹೊರಪೊರೆಗೆ ಸೇರಬೇಕಾದ ಲಿಪೊಪ್ರೋಟೀನಿನ ಆರಂಭಭಾಗ. ಅದು ಪತ್ರದ ಮೇಲಣ ವಿಳಾಸದಂತೆ, ಹೊಸ ಪ್ರೋಟೀನನ್ನು ಹೊರಪೊರೆಗೆ ಕಳುಹಿಸುತ್ತದೆ. ಮಧ್ಯಪದವು ಓಂಪ್-ಎ ಎಂಬ ಪೊರೆಪ್ರೋಟೀನಿನ ಭಾಗ. ಅದು ಪೊರೆಯನ್ನು ಐದು ಸಲ ಹಾದು ಹೊಲಿಗೆ ಹಾಕಿದಂತೆ ಗಟ್ಟಿಯಾಗಿ ನಿಲ್ಲುತ್ತದೆ. ಉತ್ತರಪದವೇ ಬೇಕಾದ ಕಿಣ್ವ. ಅದು ಹೊಲಿಗೆಯ ಕಡೆಯ ದಾರಕ್ಕೆ ಕಟ್ಟಿದ ಮಣಿಯಂತೆ ಹೊರಗೆ ಉಳಿಯುತ್ತದೆ. ಮೂರರ ವಂಶಲಿಪಿಗಳನ್ನು ಒಂದಾಗಿ ಜೋಡಿಸಿ ಕೋಶಕ್ಕೆ ಕೊಟ್ಟರೆ ಉಳಿದುದನ್ನೆಲ್ಲ ಕೋಶವೇ ಮಾಡಿಕೊಳ್ಳುತ್ತದೆ.

ಈ ಮಾರ್ಗವನ್ನು ವಿಷಭೇದಕಕ್ಕೆ ಅನ್ವಯಿಸಿದವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ರಿಚಿನ್ಸ್, ಕನೇವ, ಮುಲ್‌ಚಂದಾನಿ, ಚೆನ್ ಎಂಬವರು. ಅವರ ಫಲಿತಾಂಶವು ೧೯೯೭ರಲ್ಲಿ ಪ್ರಕಟವಾಯಿತು. ಕಿಣ್ವವು ನಿಜವಾಗಿಯೂ ಹೊರಗೇ ಇದೆಯೆಂಬುದಕ್ಕೆ ಪ್ರಮಾಣವೇನೆಂದು ತಾರ್ಕಿಕರು ಕೇಳಬಹುದು. ಅವರು ಕೊಟ್ಟ ಪ್ರಮಾಣವು ಶುದ್ಧವಾದ ಅನುಮಾನವೇ ಆಗಿದೆ. ಪ್ರೋಟೀನನ್ನು ಕತ್ತರಿಸುವ ಮತ್ತೊಂದು ಕಿಣ್ವವನ್ನು ಕೋಶಗಳ ದ್ರವಕ್ಕೆ ಬೆರೆಸಿದರು. ಅದಕ್ಕೆ ಇಡಿಯ ಕೋಶದ ಒಳಗೆ ಪ್ರವೇಶವಿಲ್ಲ. ಆದಕಾರಣ ಅದರಿಂದ ಯಾವುದು ನಾಶವಾಯಿತೋ ಅದು ಹೊರಗಿದ್ದಿತು. ಯಾವುದು ಉಳಿಯಿತೋ ಅದು ಒಳಗಿದ್ದಿತು. ಹೀಗೆ ನೋಡಲಾಗಿ ವಿಷಭೇದಕದ ಶಕ್ತಿಯಲ್ಲಿ ನೂರಕ್ಕೆ ೮೦ಕ್ಕಿಂತ ಹೆಚ್ಚಿನ ಪಾಲು ಹೊರಮೈಯಲ್ಲಿದೆಯೆಂದು ಸಿದ್ಧವಾಯಿತು. ಬಳಿಕ ಸುಮಾರಾಗಿ ಅಷ್ಟೇ ಪ್ರಮಾಣದ ಕಿಣ್ವವನ್ನು ಒಳಗೆ ಉಳ್ಳ ಕೋಶಗಳೊಡನೆ ಇವನ್ನು ಹೋಲಿಸಿದರು. ಹೊರಗೆ ನಿಲ್ಲಿಸಿದ ಕಿಣ್ವವು ಪ್ಯಾರಾಥಿಯಾನನ್ನು ಏಳರಷ್ಟು ವೇಗವಾಗಿ ಒಡೆಯಿತು. ಕಿಣ್ವವು ಅದೇ, ವಿಷವು ಅದೇ, ಕೋಶದ ಜಾತಿಯೂ ಅದೇ. ಸ್ಥಾನವೊಂದೇ ಬದಲಾಯಿತು, ಫಲವು ಏಳುಮಡಿಯಾಯಿತು. ದೇಹಲೀದೀಪನ್ಯಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಹುಡುಕುವುದು ಕಷ್ಟ.

ಬಳಿಕ ೧೯೯೯ರಲ್ಲಿ ಅದೇ ಕೇಂದ್ರದವರು ಇಂಥ ಕೋಶಗಳನ್ನು ನೇಯದ ಪಾಲಿಪ್ರೊಪಿಲೀನ್ ಬಟ್ಟೆಗೆ ಅಂಟಿಸಿ, ವಿಷಯುಕ್ತ ದ್ರವವನ್ನು ಅದರ ಸಂಪರ್ಕಕ್ಕೆ ತಂದು ನಿರ್ವಿಷಗೊಳಿಸಿದರು. ೨೦೦೨ರಲ್ಲಿ ಒಂದೇ ಕೋಶದ ಹೊರಮೈಯಲ್ಲಿ ಎರಡನ್ನು ನಿಲ್ಲಿಸಿದರು: ಒಂದು ವಿಷಭೇದಕ, ಇನ್ನೊಂದು ಹತ್ತಿಯ ಮುಖ್ಯದ್ರವ್ಯವಾದ ಸೆಲ್ಯುಲೋಸನ್ನು ಹಿಡಿದುಕೊಳ್ಳುವ ಪ್ರೋಟೀನು. ಒಂದು ಕೈ ಆಧಾರವನ್ನು ಹಿಡಿದರೆ ಇನ್ನೊಂದು ಕೈ ಕೆಲಸ ಮಾಡಿತು. ಬೇರೆ ದೇಶಗಳಲ್ಲಿ ಬೇರೆ ಗೂಟಗಳೂ ದೊರೆತುವು. ಎಲೆಗಳ ಮೇಲೆ ಹಿಮಗಟ್ಟಿಸುವ ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯದ ಹೊರಮೈಯ ಪ್ರೋಟೀನಿಗೆ, ಸಕ್ಕರೆಯಿಂದ ಲೆವಾನ್ ಎಂಬುದನ್ನು ಹೆಣೆಯುವ ಕಿಣ್ವವನ್ನು ಜೋಡಿಸಿದ ಪ್ರಯೋಗವು ೧೯೯೮ರಲ್ಲಿ ಪ್ರಕಟವಾಯಿತು. ಜರ್ಮನಿಯ ಯೊಆಖಿಮ್ ಜೋಸ್ ಅವರೂ ಅವರ ಸಹೋದ್ಯೋಗಿಗಳೂ ಪೊರೆಯಲ್ಲಿ ತನ್ನ ದಾರಿಯನ್ನು ತಾನೇ ಮಾಡಿಕೊಂಡು ಹೊರಬರುವ ಪ್ರೋಟೀನನ್ನು ೧೯೯೭ರಿಂದ ಈ ಕಾರ್ಯಕ್ಕೆ ಬಳಸಿದರು.

ಮನುಷ್ಯನು ಇದನ್ನು ಹೊಸದಾಗಿ ಕಂಡುಹಿಡಿದನೆಂದು ಬೀಗಲೂ ಅವಕಾಶವಿಲ್ಲ. ಸೆಲ್ಯುಲೋಸಿನ ಅಣುವು ಯಾವ ಬ್ಯಾಕ್ಟೀರಿಯದ ಬಾಗಿಲಿನೊಳಗೂ ಹಿಡಿಸದಷ್ಟು ದೊಡ್ಡದು. ಅದನ್ನು ಹೊರಗೇ ಮುರಿದು ತಿನ್ನಬೇಕು. ಕ್ಲಾಸ್ಟ್ರಿಡಿಯಮ್ ಥರ್ಮೊಸೆಲ್ಲಮ್ ಎಂಬ ಬ್ಯಾಕ್ಟೀರಿಯವು ತನ್ನ ಮೈಮೇಲೆ ಅನೇಕ ಕಿಣ್ವಗಳನ್ನು ಒಂದೇ ಚೌಕಟ್ಟಿಗೆ ಸಿಕ್ಕಿಸಿಕೊಂಡು ಹುಲ್ಲುಕಡ್ಡಿಗಳನ್ನು ಜೀರ್ಣಿಸುವುದೆಂದು ೧೯೮೩ರಲ್ಲಿ ಲಾಮೆಡ್, ಬೇಯರ್ ಮೊದಲಾದವರು ತೋರಿಸಿದರು. ಸೃಷ್ಟಿಯು ಎಂದೋ ಹೊಸ್ತಿಲಲ್ಲಿಟ್ಟ ದೀಪವನ್ನು ಮನುಷ್ಯನು ಈಚೆಗೆ ಕಂಡನು ಎಂದರೆ ಸಾಕು.

ಇನ್ನು ಆಕ್ಷೇಪಗಳಿಗೆ ಸಮಾಧಾನವನ್ನು ಹೇಳಬೇಕಾಗಿದೆ.

ಪೊರೆಯಲ್ಲಿ ಅನ್ಯವಸ್ತುವನ್ನು ನೆಟ್ಟರೆ ಕೋಶಕ್ಕೆ ಬಾಧೆಯಾಗದೆ ಎಂಬುದು ಮೊದಲನೆಯ ಆಕ್ಷೇಪ. ಆಗುತ್ತದೆಂಬುದೇ ಉತ್ತರ. ಅತಿಯಾಗಿ ನೆಟ್ಟರೆ ಪೊರೆ ಸಡಿಲವಾಗಿ ಕೋಶದ ಬೆಳವಣಿಗೆ ಕುಂಠಿತವಾಗುತ್ತದೆ. ಆದುದರಿಂದ ಅಪ್ಪಣೆಯನ್ನು ಮಿತವಾಗಿ ಕೊಟ್ಟು, ತಂಪಿನಲ್ಲಿ ನಿಧಾನವಾಗಿ ಬೆಳೆಯಿಸುವರು. ಬಹಳ ದೊಡ್ಡದಾದ ಅಥವಾ ಅನೇಕ ಭಾಗಗಳು ಕೂಡಿ ಆಗತಕ್ಕ ಕಿಣ್ವಗಳನ್ನು ಪೊರೆ ದಾಟಿಸುವುದು ಇಂದಿಗೂ ಕಷ್ಟವಾಗಿಯೇ ಇದೆ.

ಒಡೆದ ವಿಷದ ತುಂಡುಗಳು ನಿರಪಾಯವೆ ಎಂಬುದು ಎರಡನೆಯದು. ಪೂರ್ಣವಾಗಿ ಅಲ್ಲ. ಪ್ಯಾರಾಥಿಯಾನ್ ಒಡೆದಾಗ ಪ್ಯಾರಾನೈಟ್ರೊಫಿನಾಲ್ ಎಂಬ ಹಳದಿಬಣ್ಣದ ದ್ರವ್ಯವು ಉಳಿಯುತ್ತದೆ. ಅದು ಮೂಲವಿಷದಷ್ಟು ಘೋರವಲ್ಲದಿದ್ದರೂ ನೀರಿಗೆ ಕೇಡೇ. ಇದನ್ನು ಮನಗಂಡೇ ಅದನ್ನು ತಿಂದು ಬದುಕುವ ಮೊರಾಕ್ಸೆಲ್ಲ ಎಂಬ ಬ್ಯಾಕ್ಟೀರಿಯದ ಮೈಮೇಲೆಯೇ ವಿಷಭೇದಕವನ್ನು ನಿಲ್ಲಿಸಿದ ಪ್ರಯೋಗವು ೨೦೦೧ರಲ್ಲಿ ನಡೆಯಿತು. ಹೊಸ್ತಿಲಲ್ಲಿ ಕಡಿದುದನ್ನು ಒಳಮನೆಯು ಉಂಡಿತು. ಅರ್ಧಕಾರ್ಯದಲ್ಲಿ ತೃಪ್ತರಾಗದವರ ಬುದ್ಧಿಯು ಇದರಲ್ಲಿ ಕಾಣುತ್ತದೆ.

ಮೂರನೆಯ ಆಕ್ಷೇಪವು ಗುರುತರವಾದುದು: ಮಾರ್ಪಡಿಸಿದ ಜೀವಿಯನ್ನು ಬಯಲಿಗೆ ಬಿಟ್ಟರೆ ಮುಂದೇನಾಗುವುದೋ ಬಲ್ಲವರಾರು? ಈ ಶಂಕೆಯು ಯುಕ್ತವಾದುದು. ಜೀವಿಯು ಕಲ್ಲಿನಂತಲ್ಲ, ಇಟ್ಟಲ್ಲಿ ಇರುವುದಿಲ್ಲ, ಇದ್ದಷ್ಟೇ ಇರುವುದಿಲ್ಲ. ಆದಕಾರಣವೇ ಭಾರತದಲ್ಲಿ ೧೯೮೯ರ ನಿಯಮಗಳ ಪ್ರಕಾರ ಸರ್ಕಾರದ ಸಮಿತಿಯ ಒಪ್ಪಿಗೆಯಿಲ್ಲದೆ ಇಂಥ ಜೀವಿಗಳನ್ನು ಹೊರಗೆ ಬಿಡಕೂಡದು. ಕೋಶಗಳನ್ನು ಬಟ್ಟೆಗೆ ಅಂಟಿಸಿ ಪಾತ್ರೆಯೊಳಗೆ ಇಡುವ ಕ್ರಮವು ವೆಚ್ಚವನ್ನು ಉಳಿಸುವುದಲ್ಲದೆ ಈ ಶಂಕೆಗೂ ಒಂದು ಮಟ್ಟಿನ ಸಮಾಧಾನವಾಗಿದೆ. ಇಂದಿಗೂ ಈ ವಿದ್ಯೆಯು ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿಯೇ ಇದೆಯೆಂಬುದನ್ನು ಮರೆಮಾಚಬಾರದು. ರೈತನು ಅಂಗಡಿಯಲ್ಲಿ ಕೊಂಡು ಬಾವಿಗೆ ಸುರಿಯತಕ್ಕ ಪುಡಿ ಇದಲ್ಲ.

ನಾಲ್ಕನೆಯದು ಆಕ್ಷೇಪವಲ್ಲ, ಪ್ರಮಾದ: ವಿಷವನ್ನು ಒಡೆಯುವ ಉಪಾಯವಿದೆಯಾದುದರಿಂದ ವಿಷವನ್ನು ನಿರ್ಭಯವಾಗಿ ಬಳಸಬಹುದೆಂದು ತಿಳಿಯುವುದು. ವೈದ್ಯನಿದ್ದಾನೆಂದು ಯಾರೂ ಹಾವಿನ ಹುತ್ತಕ್ಕೆ ಕೈಯಿಕ್ಕುವುದಿಲ್ಲ. ಪ್ರಯೋಗಶಾಲೆಯ ದೀಪವು ಹಳ್ಳಿಯ ಹೊಸ್ತಿಲಿಗೆ ಬರುವ ತನಕವೂ, ಬಂದ ಮೇಲೆಯೂ, ರೈತನ ಮನೆಯಲ್ಲಿ ಆಚರಿಸತಕ್ಕ ಎಚ್ಚರಗಳು ಇರುವಂತೆಯೇ ಇರುತ್ತವೆ. ಬೆಳೆಗೆ ಔಷಧ ಹೊಡೆಯುವಾಗ ಮೈಯನ್ನೂ ಮೂಗುಬಾಯಿಗಳನ್ನೂ ಮುಚ್ಚಿಕೊಳ್ಳಬೇಕು. ಗಾಳಿಗೆ ಎದುರಾಗಿ ಹೊಡೆಯಬಾರದು. ಡಬ್ಬಿಯನ್ನು ಬಾವಿ ಕೆರೆಗಳ ಬಳಿ ತೊಳೆಯಬಾರದು. ಖಾಲಿಯಾದ ಸೀಸೆಯಲ್ಲಿ ನೀರನ್ನಾಗಲಿ ಎಣ್ಣೆಯನ್ನಾಗಲಿ ತುಂಬಬಾರದು. ಔಷಧವನ್ನು ಧಾನ್ಯದ ಕೋಣೆಯಲ್ಲಿ ಇಡಬಾರದು. ೧೯೫೮ರಲ್ಲಿ ಅಷ್ಟು ಜನರು ಸತ್ತುದು ಅನ್ನವನ್ನೂ ವಿಷವನ್ನೂ ಒಂದೇ ಮಾಳಿಗೆಯ ಕೆಳಗೆ ಇಟ್ಟುದರಿಂದಲೇ ಅಲ್ಲವೆ? ಹೊಲದಿಂದ ಬಂದವನಿಗೆ ಬೆವರು, ಜೊಲ್ಲು, ಮಂಜುಗಣ್ಣು, ಉಸಿರುಕಟ್ಟು ಕಾಣಿಸಿದರೆ ಮನೆಮದ್ದಿಗೆ ಕಾಲಹರಣ ಮಾಡದೆ, ತೊಟ್ಟ ಬಟ್ಟೆಯನ್ನು ಕಳಚಿ, ಮೈಯನ್ನು ಸಾಬೂನಿನಿಂದ ತೊಳೆದು, ಔಷಧದ ಸೀಸೆಯ ಸಹಿತ ಆಸ್ಪತ್ರೆಗೆ ಒಯ್ಯಬೇಕು. ಅಟ್ರೊಪೀನ್ ಎಂಬ ಪ್ರತ್ಯೌಷಧವು ಅಲ್ಲಿ ದೊರೆಯುತ್ತದೆ.

ಸಾರಾಂಶವಿಷ್ಟು. ವಿಷವನ್ನು ಕಡಿಯುವ ಶಕ್ತಿಯು ಗದ್ದೆಯ ಕೆಸರಿನಲ್ಲಿಯೇ ಇದ್ದಿತು. ನೀರನ್ನು ಶ್ರದ್ಧೆಯಿಂದ ನೋಡಿದವರಿಗೆ ಅದು ಕಾಣಿಸಿತು. ಕಂಡವರ ತರುವಾಯ ಬಂದವರು ಅದನ್ನು ಒಳಕೋಣೆಯಿಂದ ಹೊಸ್ತಿಲಿಗೆ ತಂದರು. ತಂದಮಾತ್ರಕ್ಕೆ ಅದರ ಬಲವು ಏಳುಮಡಿಯಾಯಿತು. ಇನ್ನು ಹೊಸ್ತಿಲಿಂದ ಅಂಗಳಕ್ಕೆ ಬೆಳಕು ಬೀಳುವಂತೆ ಮಾಡುವ ಭಾರವು ಇಂದು ಪಾಠಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳ ಮೇಲಿದೆ. ಅವರಲ್ಲಿ ಒಬ್ಬನಾದರೂ ಒಬ್ಬಳಾದರೂ ತಮ್ಮ ಊರಿನ ಬಾವಿಯನ್ನು ನೆನೆದು ಈ ವಿದ್ಯೆಯನ್ನು ಕೈಗೊಂಡರೆ ಈ ಗೋಷ್ಠಿಯು ಸಾರ್ಥಕವಾಗುವುದು.